ಹಳೆಯದಾಗಿಲ್ಲ, ಕೈಬಿಟ್ಟಿದ್ದಾರೆ

ಮಾನ್ಯ ಸಂಪಾದಕರೇ,

ಐದು ವರ್ಷ ದಾಟಿದ ಕಂಪ್ಯೂಟರನ್ನು ಇಟ್ಟುಕೊಳ್ಳುವುದು ಅಪಾಯ, ಬದಲಾಯಿಸಿಬಿಡುವುದೇ ಜಾಣತನ ಎಂದು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಸಲಹೆಯನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ನಾನು 1999ರಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬಂದವನು. ಬೇರೆ ಕಸುಬು ಕಲಿಯಲಿಲ್ಲ, ಕಲಿಯಬೇಕೆಂದು ಅನ್ನಿಸಲೂ ಇಲ್ಲ. ಆ ಸಲಹೆ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ಮುಖ್ಯವಾದ ಒಂದು ಮಾತು ಬಿಟ್ಟುಹೋಗಿದೆ. ಯಂತ್ರ ಹಳೆಯದಾಗುವುದು ಬೇರೆ, ಮಾಡಿ ಮಾರಿದವರು ಅದನ್ನು ಕೈಬಿಡುವುದು ಬೇರೆ. ಎರಡನೆಯದು ನಡೆದಾಗಲೂ ಮೊದಲನೆಯದೇ ನಡೆಯಿತೆಂದು ಹೇಳುವುದು ಎಲ್ಲರಿಗೂ ರೂಢಿಯಾಗಿದೆ. ಪತ್ರ ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಕೆಲವು ದಿನಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಲ್ಯಾಪ್‌ಟಾಪನ್ನು ಟವೆಲ್‌ನಲ್ಲಿ ಸುತ್ತಿ ತಂದರು. 2016ರಲ್ಲಿ ಕೊಂಡದ್ದು. ಇಂಟೆಲ್ ಆರನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. ಕೀಲಿಮಣೆಯಲ್ಲಿ ನಾಲ್ಕೈದು ಅಕ್ಷರಗಳು ಬೆರಳು ತಾಗಿ ತಾಗಿ ಅಳಿಸಿಹೋಗಿದ್ದವು. ಅಷ್ಟು ದುಡಿದ ಯಂತ್ರ ಅದು. ಮೇಜಿನ ಮೇಲಿಟ್ಟು, "ಏನಪ್ಪಾ, ಇದರ ಕಾಲ ಮುಗಿಯಿತಂತೆ. ಆನ್ ಮಾಡಿದಾಗಲೆಲ್ಲ ಅದನ್ನೇ ತೋರಿಸುತ್ತಿದೆ" ಎಂದರು. ಮನೆಯಲ್ಲಿ ಯಾರದೋ ಆರೋಗ್ಯದ ವಿಚಾರ ಹೇಳುವವರಂತೆ ಅವರ ದನಿ ತಗ್ಗಿತ್ತು.

ಹಿಂಬದಿಯ ಹನ್ನೊಂದು ಸ್ಕ್ರೂ ಬಿಚ್ಚಿ ತಳದ ಮುಚ್ಚಳ ತೆಗೆದೆ. ಫ್ಯಾನ್‌ಗೂ ಅದರ ಮುಂದಿನ ತಾಮ್ರದ ಹಲ್ಲುಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನಂತೆ ದಟ್ಟವಾಗಿ ಕೂತಿತ್ತು. ಚಿಮಟದಲ್ಲಿ ಎಳೆದರೆ ಒಂದೇ ಹಾಳೆಯಾಗಿ ಎದ್ದು ಬಂತು. ಪ್ರೊಸೆಸರ್ ಮೇಲೆ ಅದರ ಶಾಖ ದಾಟಿಸಲು ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತಾಗಿತ್ತು. ಸ್ಪಿರಿಟ್ ಹಾಕಿ ಒರೆಸಿ, ಹೊಸದನ್ನು ಒಂದು ಹನಿಯಷ್ಟು ಹಚ್ಚಿ ಮುಚ್ಚಿದೆ. ಕೆಲಸ ಮಾಡುವಾಗ 94 ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರ್ 68ಕ್ಕೆ ಇಳಿಯಿತು. ತಿರುಗುವ ಹಾರ್ಡ್ ಡಿಸ್ಕ್ ತೆಗೆದು, ಚಿಪ್‌ಗಳಲ್ಲೇ ದಾಖಲೆ ಇಡುವ ವೇಗದ ಎಸ್‌ಎಸ್‌ಡಿ ಹಾಕಿದೆ. ಮೊದಲು ಆನ್ ಆಗಲು ಎರಡು ನಿಮಿಷದ ಮೇಲೆ ಬೇಕಿತ್ತು, ಈಗ ಹದಿನೆಂಟು ಸೆಕೆಂಡು. ಮೇಷ್ಟ್ರು ಒಂದು ಪುಟ ಟೈಪ್ ಮಾಡಿ ನೋಡಿದರು, ಒಂದು ವಿಡಿಯೊ ಹಾಕಿ ನೋಡಿದರು. "ಇದಕ್ಕೆ ಏನಾಗಿದೆಯಪ್ಪಾ? ಚೆನ್ನಾಗಿಯೇ ಇದೆಯಲ್ಲ" ಎಂದರು.

"ಇದಕ್ಕೇನೂ ಆಗಿಲ್ಲ ಮೇಷ್ಟ್ರೇ" ಎಂದೆ. ಮುಂದೆ ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯಿತು.

ಆದದ್ದು ಇಷ್ಟು. ಮೇಷ್ಟ್ರ ಯಂತ್ರವನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 10. ಅದು ಬಂದದ್ದು 2015ರ ಜುಲೈ 29ರಂದು. ಅದೇ ವರ್ಷದ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್‌ನ ಉದ್ಯೋಗಿಯೊಬ್ಬರು ವೇದಿಕೆಯ ಮೇಲಿಂದ ಇದೇ ಕೊನೆಯ ವಿಂಡೋಸ್ ಎಂದಿದ್ದರು. ನಮ್ಮಂಥವರು ಆ ಮಾತನ್ನು ನಂಬಿ ಜನರಿಗೂ ಹೇಳಿದೆವು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು. ಅದನ್ನು ಹಾಕಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ, ಕೆಲವೇ ಅಪವಾದಗಳನ್ನು ಬಿಟ್ಟು, ಎಂಟನೇ ತಲೆಮಾರು ಅಥವಾ ಅದರ ಮೇಲಿನದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ದೋಷ ತಿದ್ದುವ ಅಪ್‌ಡೇಟ್‌ಗಳು, ನಿಂತಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಡು ಮಾಡಿದರು. ಅಂದರೆ ವಾಯಿದೆಯನ್ನು ಮುಂದಕ್ಕೆ ಹಾಕಿದರೇ ಹೊರತು ದಾರಿ ತೋರಿಸಲಿಲ್ಲ.

ಮೇಷ್ಟ್ರ ಯಂತ್ರದ ಬಯಾಸ್, ಅಂದರೆ ಆನ್ ಆಗುವಾಗಿನ ಮೂಲ ಸೆಟ್ಟಿಂಗ್ ಪುಟ, ತೆರೆದು ನೋಡಿದೆ. ಟಿಪಿಎಂ 2.0 ಅದರಲ್ಲಿತ್ತು. 2016ರ ಜುಲೈ ಕೊನೆಯಿಂದ ಹೊಸ ಮಾದರಿಗಳಲ್ಲಿ ಅದು ಇರಲೇಬೇಕೆಂದು ಮೈಕ್ರೋಸಾಫ್ಟ್ ತಾನೇ ಹೇಳಿತ್ತು. ರ‍್ಯಾಮ್ ಬೇಕಾದದ್ದಕ್ಕಿಂತ ಎರಡು ಪಟ್ಟು ಇತ್ತು. ಡಿಸ್ಕ್ ಜಾಗವೂ ಸಾಕಷ್ಟಿತ್ತು. ಇಲ್ಲದ್ದು ಒಂದೇ, ಪಟ್ಟಿಯಲ್ಲಿ ಪ್ರೊಸೆಸರ್‌ನ ಹೆಸರು. ಆ ಹೆಸರಿಲ್ಲದ ಕಾರಣಕ್ಕೆ ಒಂದು ಒಳ್ಳೆಯ ಯಂತ್ರವನ್ನು ಅದರ ಒಡೆಯರ ಕಣ್ಣಿಗೆ ಮುದಿಯಾಗಿ ಕಾಣುವಂತೆ ಮಾಡಿದರಲ್ಲ, ಅದು ನನಗೆ ನೋವು ಕೊಟ್ಟಿತು. ಮೇಷ್ಟ್ರಿಗೆ ತಾವೇ ಏನೋ ತಪ್ಪು ಮಾಡಿದ್ದೇನೆ, ಕಾಲಕ್ಕೆ ತಕ್ಕಂತೆ ನಡೆದುಕೊಳ್ಳಲಿಲ್ಲ ಎಂಬ ಸಂಕೋಚ ಬಂದಿತ್ತು. ನಾಚಿಕೆಪಡಬೇಕಾದವರು ಅವರಲ್ಲ.

ಹಳೆಯದಾದ ಮಾತ್ರಕ್ಕೆ ಕಂಪ್ಯೂಟರ್ ಕೆಲಸಕ್ಕೆ ಬಾರದ್ದಾಗುತ್ತದೆ ಎನ್ನುವವರಿಗೆ ನಾನು ವಾಯೇಜರ್ 1ರ ಕಥೆ ಹೇಳುತ್ತೇನೆ. 1977ರಲ್ಲಿ ಹಾರಿಸಿದ ನೌಕೆ. ಅದರೊಳಗಿನ ಮೂರು ಬಗೆಯ ಕಂಪ್ಯೂಟರ್‌ಗಳ ನೆನಪಿನ ಜಾಗವನ್ನೆಲ್ಲ ಕೂಡಿಸಿದರೂ ಇವತ್ತು ಮೊಬೈಲ್‌ನಲ್ಲಿ ತೆಗೆಯುವ ಒಂದು ಫೋಟೊ ಅದರಲ್ಲಿ ಹಿಡಿಸುವುದಿಲ್ಲ. 2023ರ ನವೆಂಬರ್‌ನಲ್ಲಿ ಅದು ಅರ್ಥವಿಲ್ಲದ ಅಂಕಿಗಳನ್ನು ಕಳುಹಿಸತೊಡಗಿತು. ನಾಸಾದ ಎಂಜಿನಿಯರುಗಳು ತಿಂಗಳುಗಟ್ಟಲೆ ಹುಡುಕಿ, ದತ್ತಾಂಶವನ್ನು ಕಟ್ಟಿ ಕಳುಹಿಸುವ ಕಂಪ್ಯೂಟರ್‌ನ ಒಂದು ಮೆಮೊರಿ ಚಿಪ್ ಕೆಟ್ಟಿದೆ ಎಂದು ಪತ್ತೆ ಮಾಡಿದರು. ಚಿಪ್ ಬದಲಾಯಿಸಲು ಅಲ್ಲಿಗೆ ಹೋಗುವವರು ಯಾರು? ಆ ಚಿಪ್‌ನಲ್ಲಿದ್ದ ಪ್ರೋಗ್ರಾಂ ಇಡಿಯಾಗಿ ಕೂರುವಷ್ಟು ಖಾಲಿ ಜಾಗ ಬೇರೆಲ್ಲೂ ಇರಲಿಲ್ಲ. ಅದನ್ನು ತುಂಡು ಮಾಡಿ, ತುಂಡುಗಳನ್ನು ಅಲ್ಲಲ್ಲಿ ಸಿಕ್ಕ ಜಾಗದಲ್ಲಿ ಹಂಚಿ ಕೂರಿಸಿ, ಒಂದು ತುಂಡು ಇನ್ನೊಂದರ ವಿಳಾಸ ತಪ್ಪದಂತೆ ತಿದ್ದಿದರು. 2024ರ ಏಪ್ರಿಲ್ 18ರಂದು ಮೊದಲ ಭಾಗ ಕಳುಹಿಸಿದರು. ಸಂದೇಶ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ ಹೊತ್ತು. 20ರಂದು ಉತ್ತರ ಬಂತು. ನೌಕೆ ಮತ್ತೆ ಸರಿಯಾಗಿ ಮಾತಾಡಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ಅತಿಶಯವಲ್ಲ. ರಿಪೇರಿ ಎಂದರೆ ಇದು. 2,400 ಕೋಟಿ ಕಿಲೋಮೀಟರ್ ಆಚೆ, ನಲವತ್ತಾರು ವರ್ಷ ಹಳೆಯ ಯಂತ್ರ. ಅದು ಹಳೆಯದು, ಆದರೆ ಯಾರೂ ಅದನ್ನು ಕೈಬಿಟ್ಟಿಲ್ಲ. ನನ್ನ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಅದರ ಮುಂದೆ ಹಸುಗೂಸು. ಆದರೂ ನಡುನೀರಿನಲ್ಲಿ ಕೈಬಿಟ್ಟರು.

ವಾಯೇಜರ್ ಒಂದೇ ಒಂದು ನೌಕೆ, ಕೋಟಿಗಟ್ಟಲೆ ಯಂತ್ರಗಳಿಗೆ ಹೀಗೆ ಮಾಡಲಾದೀತೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹಾಗಾದರೆ ಕೋಬಾಲ್ ನೋಡಿ. ಪ್ರೋಗ್ರಾಂ ಬರೆಯಲೆಂದು 1959ರಲ್ಲಿ ರೂಪಿಸಲು ಹೊರಟ ಭಾಷೆ. ಅದರಲ್ಲಿ ಬರೆದ ಪ್ರೋಗ್ರಾಂಗಳು ಇಂದಿಗೂ ಬ್ಯಾಂಕು, ವಿಮೆಗಳ ಲೆಕ್ಕ ನಡೆಸುತ್ತಿವೆ. 2020ರಲ್ಲಿ ಸೋಂಕಿನ ಕಾಲದಲ್ಲಿ ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲವರು ನೆರವಿಗೆ ಬನ್ನಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಆಗ ಎಲ್ಲರೂ ಬೈದದ್ದು ಭಾಷೆಯನ್ನು. ನನ್ನ ಕಣ್ಣಿಗೆ ಅಲ್ಲಿ ಕಂಡದ್ದು ಮನುಷ್ಯರ ಕೊರತೆ. ಪ್ರೋಗ್ರಾಂ ಇಟ್ಟುಕೊಂಡರು, ಅದನ್ನು ನೋಡಿಕೊಳ್ಳುವವರನ್ನು ಉಳಿಸಿಕೊಳ್ಳಲಿಲ್ಲ.

ನೋಡಿಕೊಳ್ಳುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಈ ಕಸುಬಿಗೆ ಬಂದದ್ದೇ ಅಂಥ ಕೆಲಸದಿಂದ. 1999ರ ಕೊನೆಯ ತಿಂಗಳುಗಳಲ್ಲಿ, ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಪ್ರೋಗ್ರಾಂಗಳು 2000ವನ್ನು 1900 ಎಂದು ತಿಳಿದಾವು ಎಂಬ ಭಯ ಎಲ್ಲೆಡೆ ಇತ್ತು. ನನಗೆ ಕೆಲಸ ಕಲಿಸಿದವರು ಒಂದು ನೋಟ್ ಪುಸ್ತಕ ಕೊಟ್ಟು ಕಚೇರಿಯಿಂದ ಕಚೇರಿಗೆ ಕಳುಹಿಸುತ್ತಿದ್ದರು. ಪ್ರತಿ ಕಂಪ್ಯೂಟರ್‌ನ ಗಡಿಯಾರವನ್ನು 1999ರ ಡಿಸೆಂಬರ್ 31, ರಾತ್ರಿ 11.58ಕ್ಕೆ ತಿರುಗಿಸಿ, ಆಫ್ ಮಾಡಿ, ಮೂರು ನಿಮಿಷ ಬಿಟ್ಟು ಆನ್ ಮಾಡಿ ನೋಡಬೇಕು. 2000 ಎಂದರೆ ಹಸಿರು ಗೆರೆ. 1980ಕ್ಕೆ ಹಾರಿದರೆ ಕೆಂಪು ಗೆರೆ. ಕೆಂಪು ಗೆರೆಯ ಪುಟಗಳು ಕಡಿಮೆಯೇನೂ ಇರಲಿಲ್ಲ. ಒಂದೊಂದನ್ನೂ ಸರಿಪಡಿಸಿದೆವು. ಜನವರಿ 1ರಂದು ಎಲ್ಲವೂ ನಡೆಯಿತು. ಮರುವಾರವೇ ಜನ, ಏನೂ ಆಗಲಿಲ್ಲ, ಸುಮ್ಮನೆ ಹೆದರಿಸಿದರು ಎಂದರು. ಏನೂ ಆಗದಂತೆ ನೋಡಿಕೊಂಡವರ ಮಾತನ್ನು ಯಾರೂ ಕೇಳಲಿಲ್ಲ. ಇಂಥದ್ದೇ ಇನ್ನೊಂದು ದಿನ ಮುಂದಿದೆ. ಸಮಯವನ್ನು 32 ಬಿಟ್‌ಗಳಲ್ಲಿ ಎಣಿಸುವ ಹಳೆಯ ವ್ಯವಸ್ಥೆಗಳ ಎಣಿಕೆ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ವಿಂಡೋಸ್‌ನಂತೆಯೇ ಯಂತ್ರ ನಡೆಸುವ, ಆದರೆ ಮುಕ್ತವಾದ ಲಿನಕ್ಸ್ ಮುಂತಾದ ಕಡೆ ಅದನ್ನು ಸರಿಪಡಿಸುವ ಕೆಲಸ ವರ್ಷಗಳಿಂದ ನಡೆದಿದೆ. ಅಪ್‌ಡೇಟ್ ತಲುಪದ ಯಂತ್ರಗಳ ಗತಿ ಏನು ಎಂಬುದೇ ನನ್ನ ಚಿಂತೆ.

ಅಪ್‌ಡೇಟ್ ತಲುಪದ ಯಂತ್ರಗಳು ಎಂದರೆ ಎಂಥವು ಎಂದು ಒಂದನ್ನಾದರೂ ತೋರಿಸಬೇಕು. ರಕ್ತಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ರಕ್ತಕಣ ಎಣಿಸುವ ಉಪಕರಣವಿದೆ. ಅದನ್ನು ನಡೆಸುವ ಕಂಪ್ಯೂಟರ್ ವಿಂಡೋಸ್ ಎಕ್ಸ್‌ಪಿಯದು. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಅಲ್ಲಿನ ತಂತ್ರಜ್ಞೆ ಒಂದು ಸಂಜೆ ಫೋನ್ ಮಾಡಿ, "ಅಣ್ಣಾ, ಕಂಪ್ಯೂಟರ್ ಒಳಗಿಂದ ಟಕ್ ಟಕ್ ಎಂದು ಸದ್ದು ಬರುತ್ತಿದೆ. ಬೇಗ ಬನ್ನಿ" ಎಂದಳು. ಆ ಸದ್ದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಹಾರ್ಡ್ ಡಿಸ್ಕ್‌ನ ಮುಳ್ಳು ಓದಬೇಕಾದ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಬಂದು ಬಡಿಯುವ ಸದ್ದು.

ಹೋಗಿ ನೋಡಿದರೆ ಉಪಕರಣದಲ್ಲಿ ಯಾವ ದೋಷವೂ ಇರಲಿಲ್ಲ. ಆಕೆ ದಿನಾ ಬೆಳಿಗ್ಗೆ ಕಂಟ್ರೋಲ್, ಅಂದರೆ ಎಣಿಕೆ ಮೊದಲೇ ಗೊತ್ತಿರುವ ಮಾದರಿ ಹಾಕಿ, ಬಂದ ಅಂಕಿ ಮಿತಿಯೊಳಗೆ ಇದೆಯೇ ಎಂದು ನೋಡಿ ಪುಸ್ತಕದಲ್ಲಿ ಬರೆದಿಡುತ್ತಾಳೆ. ಹಲವು ವರ್ಷಗಳ ಪುಸ್ತಕಗಳು ಕಪಾಟಿನಲ್ಲಿದ್ದವು. ಎಣಿಕೆ ತಪ್ಪಿದ ದಾಖಲೆ ಅವುಗಳಲ್ಲಿ ತೀರಾ ವಿರಳ. ತಯಾರಕರಿಗೆ ಬರೆದು ಕೇಳಿದ್ದಳಂತೆ. ಈ ಮಾದರಿಗೆ ಹೊಸ ಸಾಫ್ಟ್‌ವೇರ್ ಇಲ್ಲ, ಹೊಸ ಉಪಕರಣವನ್ನೇ ಕೊಳ್ಳಿ ಎಂದು ಉತ್ತರ ಬಂದಿತ್ತು. ಹಳೆಯ ಸಾಫ್ಟ್‌ವೇರ್‌ನ ಸಿ.ಡಿ. ಆದರೂ ಕೊಡಿ ಎಂದರೆ ಅದಕ್ಕೆ ಉತ್ತರವೇ ಇಲ್ಲ.

ಆ ರಾತ್ರಿ ಡಿಸ್ಕನ್ನು ಬಿಚ್ಚಿ ತಂದು ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂಗೆ ಒಪ್ಪಿಸಿದೆ. ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ ಅದು. ಸಲೀಸಾಗಿ ಓದಲು ಬರುವ ಜಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮೆಲ್ಲಗೆ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಡಿಸ್ಕ್ ಬಿಸಿಯಾಗಬಾರದೆಂದು ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟೆ. ಡಿಸ್ಕ್ ಬರೀ 40 ಜಿಬಿಯದು. 97 ಶೇಕಡ ಒಂದೂವರೆ ಗಂಟೆಯಲ್ಲಿ ಬಂತು. ಉಳಿದ ಮೂರಕ್ಕೆ ಬೆಳಗಿನ ಜಾವದವರೆಗೆ ಕಾದೆ. ಕೊನೆಗೆ ಮೂರು ಸಣ್ಣ ಚೂರು ಬಿಟ್ಟು ಎಲ್ಲವೂ ಸಿಕ್ಕಿತು. ಆ ಚೂರುಗಳಲ್ಲಿ ಇದ್ದದ್ದು ಹಳೆಯ ತಾತ್ಕಾಲಿಕ ಫೈಲುಗಳು. ಬೇರೆ ಡಿಸ್ಕ್‌ಗೆ ಇಳಿಸಿ, ಮದರ್‌ಬೋರ್ಡಿನಲ್ಲಿ ಉಬ್ಬಿದ್ದ ನಾಲ್ಕು ಕೆಪಾಸಿಟರ್ ಬದಲಾಯಿಸಿ, ನೆಟ್‌ವರ್ಕ್ ತಂತಿಯನ್ನು ಕಿತ್ತು ಬದಿಗಿಟ್ಟು, ಉಪಕರಣವನ್ನು ಕಂಪ್ಯೂಟರ್‌ಗೆ ಜೋಡಿಸುವ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಸಿಕ್ಕಿಸಿದೆ. ಬೆಳಿಗ್ಗೆ ಆಕೆ ಕಂಟ್ರೋಲ್ ಹಾಕಿದಳು. ಅಂಕಿಗಳು ಸರಿಯಾಗಿ ಬಂದವು. ಆಕೆಯ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ಆ ಪ್ರಯೋಗಾಲಯದವರು ಸೋಮಾರಿಗಳಲ್ಲ, ಹೊಸದನ್ನು ಕಂಡರೆ ಹೆದರುವವರೂ ಅಲ್ಲ. ಉಪಕರಣ ಇಪ್ಪತ್ತು ವರ್ಷ ಬಾಳುವಂಥದ್ದು, ಅದರ ಸಾಫ್ಟ್‌ವೇರನ್ನು ಹತ್ತು ವರ್ಷಕ್ಕೇ ಕೈಬಿಟ್ಟರು. ಅವೆರಡನ್ನೂ ಒಂದಕ್ಕೊಂದು ಕಟ್ಟಿ ಮಾರಿದವರು ಈ ವ್ಯತ್ಯಾಸವನ್ನು ಮಾರುವಾಗ ಹೇಳಲಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ರೈಲು ನಿಯಂತ್ರಣ ವ್ಯವಸ್ಥೆ 1998ರಿಂದ ಐದೂಕಾಲು ಇಂಚಿನ ಫ್ಲಾಪಿಗಳ ಮೇಲೆ ನಡೆದು ಬಂದದ್ದು, ಜಪಾನ್ ಸರ್ಕಾರ ಫ್ಲಾಪಿಯಲ್ಲೇ ಅರ್ಜಿ ಕೊಡಬೇಕೆಂಬ ಸಾವಿರಕ್ಕೂ ಹೆಚ್ಚು ನಿಯಮಗಳನ್ನು 2024ರ ಹೊತ್ತಿಗಷ್ಟೇ ಕಳಚಿಕೊಂಡದ್ದು ಸುದ್ದಿಯಾದಾಗ ಓದಿದವರು ನಕ್ಕರು. ನಗಬಾರದು. ಓಡುತ್ತಿರುವ ರೈಲನ್ನು ನಿಲ್ಲಿಸದೆ ಅದರ ಮೆದುಳನ್ನು ಬದಲಾಯಿಸುವುದು ಎಷ್ಟು ಕಷ್ಟವೆಂದು ಮಾಡುವವರಿಗೆ ಗೊತ್ತು.

ಹಾಗೆಂದು ಹಳೆಯ ಎಕ್ಸ್‌ಪಿಯನ್ನು ಇಂಟರ್‌ನೆಟ್‌ಗೆ ಸಿಕ್ಕಿಸಿ ಕೂರಿ ಎಂದು ನಾನು ಯಾರಿಗೂ ಹೇಳುವವನಲ್ಲ. ನಿಮ್ಮ ಲೇಖಕರು ಹೇಳಿದ ಅಪಾಯ ನಿಜ. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದಾಗ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳುಹಿಸಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಬಹಳ ಜನ ಹಾಕಿಕೊಂಡಿರಲಿಲ್ಲ. ಅಪ್‌ಡೇಟ್ ಬಂದರೆ ಮುಂದೂಡುವ ಚಟ ನಮ್ಮ ಬಳಕೆದಾರರದು, ಅದರ ಹೊಣೆಯನ್ನು ಕಂಪನಿಯ ಮೇಲೆ ಹೊರಿಸಲಾರೆ. ಆದರೆ ಅದೇ ಸಂದರ್ಭದಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಅಪ್‌ಡೇಟ್ ಕೊಟ್ಟಿತು. ಅಲ್ಲಿಯವರೆಗೆ ಹಣ ಕೊಟ್ಟು ವಿಶೇಷ ಒಪ್ಪಂದ ಮಾಡಿಕೊಂಡವರಿಗೆ ಮಾತ್ರ ಸಿಗುತ್ತಿದ್ದ ರಕ್ಷಣೆ ಎಲ್ಲರಿಗೂ ಸಿಕ್ಕಿತು. ಕೊಡಲು ಬರುತ್ತದೆ ಎಂದಾಯಿತಲ್ಲ?

ಹೊಸದಾದ ಮಾತ್ರಕ್ಕೆ ಭದ್ರ ಎಂಬುದೂ ನಿಜವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷದ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆ ತೋರಿಸಿ ನಿಂತವು. ವಿಮಾನಗಳು ನಿಂತವು. ಅವೆಲ್ಲ ಆ ಕಂಪನಿಯಿಂದ ತಪ್ಪದೆ ಅಪ್‌ಡೇಟ್ ಪಡೆಯುತ್ತಿದ್ದ ಯಂತ್ರಗಳೇ. ಅವುಗಳಲ್ಲಿ ಎಷ್ಟೋ ಯಂತ್ರಗಳ ಮುಂದೆ ಮನುಷ್ಯನೊಬ್ಬ ಕೂತು, ಯಂತ್ರವನ್ನು ಅತಿ ಕಡಿಮೆ ತಂತ್ರಾಂಶದೊಂದಿಗೆ ಎಬ್ಬಿಸುವ ಸೇಫ್ ಮೋಡ್‌ಗೆ ಹೋಗಿ, ಆ ಒಂದು ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಆ ದಿನ ದುಡಿದವರೆಲ್ಲ ನನ್ನ ಕಸುಬಿನ ಅಣ್ಣತಮ್ಮಂದಿರು, ಅಕ್ಕತಂಗಿಯರು.

ಭಾರದ ವಿಚಾರವನ್ನೂ ಹೇಳಿಬಿಡುತ್ತೇನೆ. ವಿಂಡೋಸ್ 95ಕ್ಕೆ ಕನಿಷ್ಠ 4 ಎಂಬಿ ರ‍್ಯಾಮ್ ಸಾಕಿತ್ತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ. ಅಂದರೆ 1,024 ಪಟ್ಟು. ಇದರಲ್ಲಿ ಭದ್ರತೆಗೆ, ಒಳ್ಳೆಯ ಚಿತ್ರಕ್ಕೆ, ಎಲ್ಲ ಭಾಷೆಯ ಅಕ್ಷರಗಳಿಗೆ ಹೋದದ್ದು ಹೋಗಲಿ, ಅದು ಬೇಕಾದದ್ದೇ. ಆದರೆ ಒಂದು ಚೀಟಿ ಬರೆದಿಡುವ ಪ್ರೋಗ್ರಾಂ ತನ್ನೊಳಗೆ ಇಡೀ ಬ್ರೌಸರ್ ಹೊತ್ತುಕೊಂಡು ಬಂದರೆ ಮೂಗಿಗಿಂತ ಮೂಗುತಿ ಭಾರವಾದಂತೆ. ನಿಕ್ಲಾಸ್ ವಿರ್ತ್ ಎಂಬ ದೊಡ್ಡ ಕಂಪ್ಯೂಟರ್ ವಿಜ್ಞಾನಿ, ಯಂತ್ರಗಳು ವೇಗವಾಗುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಎಂದು 1995ರಲ್ಲೇ ಎಚ್ಚರಿಸಿದ್ದರು. ಯಂತ್ರ ನಿಧಾನವಾಯಿತು ಎಂದು ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಜನರ ಯಂತ್ರ ಕೊಂಡ ದಿನದಷ್ಟೇ ಚುರುಕಾಗಿರುತ್ತದೆ. ಅದರ ಬೆನ್ನ ಮೇಲಿನ ಹೊರೆ ಬೆಳೆದಿರುತ್ತದೆ.

ಇನ್ನೊಂದು ಬಗೆಯ ಕೈಬಿಡುವಿಕೆ ಇದೆ, ನನಗೆ ಅತ್ಯಂತ ಸಿಟ್ಟು ಬರಿಸುವುದು ಅದೇ. ಒಬ್ಬ ತಾಯಿ ಮಗುವಿನ ಕೋಣೆಯಲ್ಲಿಡುವ ಕ್ಯಾಮೆರಾ ತಂದಿದ್ದರು. ಮಸೂರ ಸ್ವಚ್ಛವಾಗಿತ್ತು, ವಿದ್ಯುತ್ ಸರಿಯಾಗಿತ್ತು, ವೈಫೈ ಚಿಪ್ ಕೆಲಸ ಮಾಡುತ್ತಿತ್ತು. ಅದನ್ನು ನಡೆಸುತ್ತಿದ್ದ ಸರ್ವರನ್ನು ಮಾರಿದವರು ನಿಲ್ಲಿಸಿಬಿಟ್ಟಿದ್ದರು. ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿನ ಚಿತ್ರ ಎಲ್ಲೋ ದೂರದ ಸರ್ವರ್‌ಗೆ ಹೋಗಿ ಬರದೆ ತಾಯಿಯ ಮೊಬೈಲ್ ಮುಟ್ಟುವುದಿಲ್ಲ ಎಂಬಂತೆ ಅದನ್ನು ಕಟ್ಟಿದ್ದರು. ಎರಡು ದಿನ ಪ್ರಯತ್ನಿಸಿದೆ, ಅದರ ಸಾಫ್ಟ್‌ವೇರ್‌ಗೆ ಹಾಕಿದ ಬೀಗ ತೆರೆಯಲಾಗಲಿಲ್ಲ. ಧೂಳಾಗಿದ್ದರೆ ಒರೆಸುತ್ತಿದ್ದೆ, ಸುಟ್ಟಿದ್ದರೆ ಬದಲಾಯಿಸುತ್ತಿದ್ದೆ. ಇಲ್ಲಿ ರಿಪೇರಿ ಮಾಡಲು ಕೆಟ್ಟದ್ದೇ ಏನೂ ಇರಲಿಲ್ಲ. ಆಕೆಗೆ ವಾಪಸ್ ಕೊಡುವಾಗ ನನ್ನ ಕೈ ಸೋತಿತ್ತು.

ಹೀಗೆ ಎಸೆದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ಮೇಷ್ಟ್ರ ಲ್ಯಾಪ್‌ಟಾಪ್ ಆ ರಾಶಿಗೆ ಸೇರಬಾರದೆಂಬುದೇ ನನ್ನ ಹಟ.

ನಾನು ಕೇಳುವುದು ಅಸಾಧ್ಯವಾದದ್ದೇನಲ್ಲ. ಯಾವ ಕಂಪನಿಯೂ ಒಂದು ಯಂತ್ರವನ್ನು ಎಂದೆಂದಿಗೂ ಸಾಕಲಾರದು, ಒಪ್ಪುತ್ತೇನೆ. ಎಲ್ಲಿಯವರೆಗೆ ಸಾಕುತ್ತೇನೆ ಎಂಬುದನ್ನು ಮಾರುವ ದಿನವೇ ಹೇಳಲಿ, ಬಿಟ್ಟುಬಿಡುವ ದಿನ ಬೀಗದ ಕೈಯನ್ನು ಕೊಂಡವರಿಗೆ ಕೊಟ್ಟು ಹೋಗಲಿ. ಬಿಡಿಭಾಗಗಳನ್ನು ನಡೆಸುವ ಡ್ರೈವರ್ ಪ್ರೋಗ್ರಾಂ, ಹಳೆಯ ಸಾಫ್ಟ್‌ವೇರ್, ಬೇರೆ ವ್ಯವಸ್ಥೆ ಹಾಕಿಕೊಳ್ಳುವ ಅನುಮತಿ, ಅಷ್ಟು ಸಾಕು. ಉಳಿದದ್ದನ್ನು ನಮ್ಮಂಥವರು ನೋಡಿಕೊಳ್ಳುತ್ತೇವೆ. ದಿನಾಂಕ ಹೇಳುವುದು ಆಗದ ಕೆಲಸವೇನಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್‌ನೆಟ್‌ಗೆ ಸೇರುವ ಮನೆಬಳಕೆಯ ಸಾಧನಗಳಿಗೆ ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಎಂದು ತಿಳಿಸುವುದು ಕಡ್ಡಾಯ. ಆದರೆ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳನ್ನೇ ಅದರಿಂದ ಹೊರಗಿಟ್ಟಿದ್ದಾರೆ. ಇದು ನನಗೆ ಅರ್ಥವಾಗದ ಸಂಗತಿ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಮೊಬೈಲ್ ಮಾದರಿಯೊಂದರ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು. ಗೂಗಲ್‌ನ ತಂತ್ರಾಂಶದಲ್ಲಿ ನಡೆಯುವ ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳಿಗೆ ಅಪ್‌ಡೇಟ್ ನಿಲ್ಲುವ ದಿನಾಂಕವನ್ನು ಮಾದರಿಗೊಂದರಂತೆ ಗೂಗಲ್ ಮೊದಲೇ ಪ್ರಕಟಿಸುತ್ತದೆ. 2023ರಲ್ಲಿ ಆ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿತು. ಮನಸ್ಸಿದ್ದವರಿಗೆ ಆಗುತ್ತದೆ.

ಮೇಷ್ಟ್ರ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿದೆ. ಎಲ್ಲರಿಗೂ ಅದೇ ಮದ್ದು ಎಂದು ಹೇಳುವುದಿಲ್ಲ. ನಿರ್ದಿಷ್ಟ ಲೆಕ್ಕದ ಅಥವಾ ವಿನ್ಯಾಸದ ಸಾಫ್ಟ್‌ವೇರ್ ಬೇಕಾದವರಿಗೆ ಅದು ಒಗ್ಗುವುದಿಲ್ಲ. ಮೇಷ್ಟ್ರಿಗೆ ಬೇಕಾದದ್ದು ಬರೆಯುವುದು, ಓದುವುದು, ದೂರದಲ್ಲಿರುವ ಮೊಮ್ಮಗಳ ಮುಖ ನೋಡುವುದು. ಅವರ ಬಳಿ ಒಂದು ಹಳೆಯ ಪ್ರಿಂಟರ್ ಇತ್ತು. ವಿಂಡೋಸ್‌ಗೆ ಅದರ ಡ್ರೈವರ್ ಸಿಗದೆ ಎರಡು ವರ್ಷದಿಂದ ಮೂಲೆ ಸೇರಿತ್ತು. ಲಿನಕ್ಸ್‌ಗೆ ಸಿಕ್ಕಿಸಿದ ಕೂಡಲೇ ಅದು ಒಂದು ಹಾಳೆಯನ್ನು ಎಳೆದುಕೊಂಡು ಅಚ್ಚು ಹಾಕಿತು. ಮೇಷ್ಟ್ರು ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ಹೊರಡುವಾಗ, "ಮತ್ತೆ ಇದರ ಕಾಲ ಎಲ್ಲಿಯವರೆಗಪ್ಪಾ?" ಎಂದು ಕೇಳಿದರು. ಹಾಕಿದ ಆವೃತ್ತಿಗೆ ಬೆಂಬಲ ನಿಲ್ಲುವ ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ತಳಕ್ಕೆ ಅಂಟಿಸಿ, "ಅಷ್ಟರೊಳಗೆ ಒಮ್ಮೆ ತನ್ನಿ ಮೇಷ್ಟ್ರೇ, ಮುಂದಿನದನ್ನು ಹಾಕಿಕೊಡುತ್ತೇನೆ" ಎಂದೆ.

ಈ ಪತ್ರದ ಮುಖ್ಯ ಕೋರಿಕೆ ಇರುವುದು ನಿಮ್ಮಲ್ಲೇ. ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸ ಮೊಬೈಲ್, ಲ್ಯಾಪ್‌ಟಾಪ್, ಟಿ.ವಿ.ಗಳ ವಿಮರ್ಶೆ ಬರುತ್ತದೆ. ಜೊತೆಗೆ ಒಂದು ಪಟ್ಟಿ ಇರುತ್ತದೆ: ತೆರೆಯ ಅಳತೆ, ಕ್ಯಾಮೆರಾ, ಬ್ಯಾಟರಿ, ತೂಕ, ಬೆಲೆ. ಅದಕ್ಕೆ ಇನ್ನೊಂದು ಸಾಲು ಸೇರಿಸಿ: ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ. ಕಂಪನಿ ದಿನಾಂಕ ಕೊಟ್ಟಿದ್ದರೆ ಅದನ್ನು ಅಚ್ಚು ಹಾಕಿ. ಕೊಟ್ಟಿರದಿದ್ದರೆ, ಕೇಳಿದರೂ ಹೇಳದಿದ್ದರೆ, ಆ ಜಾಗವನ್ನು ಖಾಲಿ ಬಿಡಬೇಡಿ. ತಿಳಿಸಿಲ್ಲ ಎಂದು ಅದೇ ಅಕ್ಷರದಲ್ಲಿ ಅಚ್ಚು ಹಾಕಿ.

ಇಂತಿ ನಿಮ್ಮ ಓದುಗ,
ಒಬ್ಬ ಕಂಪ್ಯೂಟರ್ ರಿಪೇರಿಗಾರ